ಪೆಡಲ್‌ಗೆ ಒಪ್ಪಿದ ಶೂ ನೆಲಕ್ಕೂ ಒಪ್ಪಬೇಕು

ರಾಜ್ಯದ ಸೈಕ್ಲಿಂಗ್‌ಗೆ ಸವಾರರನ್ನು ಕೊಡುತ್ತ ಬಂದಿರುವುದು ಮುಖ್ಯವಾಗಿ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು. ಇಲ್ಲಿನ ಕ್ರೀಡಾ ನಿಲಯಗಳಲ್ಲಿ, ಪಕ್ಕದ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಲ್ಲಿ ಪಳಗಿದ ರೈತರ, ನೇಕಾರರ ಮಕ್ಕಳು ರಾಷ್ಟ್ರಮಟ್ಟದ ಸ್ಪರ್ಧೆಗಳವರೆಗೆ ಹೋಗಿದ್ದಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗ ಹುಡುಗಿಯರಿಗೆ ಸೈಕಲ್ ಕಲಿಸುವುದು ನನ್ನ ಕೆಲಸ. ಫ್ರೇಮ್, ಗಾಲಿ, ಗೇರ್ ಬಗ್ಗೆ ನಮ್ಮಲ್ಲಿ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಶೂ ವಿಷಯಕ್ಕೆ ಬಂದರೆ ‘ಸೈಜ್ ಎಷ್ಟು’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಆದರೆ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಲುಗಾಡದೆ ಬಂದ ಹುಡುಗ, ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಖಾನಾವಳಿಯ ಬಾಗಿಲಲ್ಲಿ ಜಾರಿ ಮೊಣಕೈ ಒಡೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಪೆಟ್ಟು ತಪ್ಪಿಸಬಹುದಾದದ್ದು. ಅದಕ್ಕಾಗಿ ಈ ಪಾಠಗಳು.

1. ಮೊದಲು ಜಾರುವ ಕಾರಣ ತಿಳಿಯಿರಿ

ರೋಡ್ ಸೈಕ್ಲಿಂಗ್ ಶೂವನ್ನು ಮಾಡಿರುವುದು ಒಂದೇ ಉದ್ದೇಶಕ್ಕೆ: ಕಾಲಿನ ಬಲವೆಲ್ಲ ಪೆಡಲ್‌ಗೆ ಹೋಗಬೇಕು. ಅದಕ್ಕಾಗಿ ಅಡಿಭಾಗ ಬಗ್ಗುವುದಿಲ್ಲ. ನಡೆಯುವಾಗ ನಮ್ಮ ಪಾದ ಹಿಮ್ಮಡಿಯಿಂದ ಬೆರಳಿನವರೆಗೆ ಮಡಚುತ್ತ ಹೋಗುತ್ತದೆ. ಕಾರ್ಬನ್ ಸೋಲ್ ಅದಕ್ಕೆ ಎಡೆ ಕೊಡುವುದಿಲ್ಲ. ಎರಡನೆಯದು ಪೆಡಲ್‌ಗೆ ಸಿಕ್ಕಿಕೊಳ್ಳುವ ಕ್ಲೀಟ್. ಹೆಬ್ಬೆರಳಿನ ಬುಡದ ಕೆಳಗೆ ಗಟ್ಟಿ ಪ್ಲಾಸ್ಟಿಕ್‌ನ ದಪ್ಪ ತುಂಡು ಹೊರಗೆ ಚಾಚಿಕೊಂಡಿರುತ್ತದೆ. ಹೀಗಾಗಿ ನಿಂತಾಗ ಪಾದದ ಮುಂಭಾಗ ಮೇಲೆ, ಹಿಮ್ಮಡಿ ಕೆಳಗೆ. ಮೈಭಾರ ಹಿಂದಕ್ಕೆ ಎಳೆಯುತ್ತದೆ. ಮೂರನೆಯದಾಗಿ, ನೆಲಕ್ಕೆ ತಾಗುವ ಜಾಗ ಅಂಗೈಯಷ್ಟೂ ಇರುವುದಿಲ್ಲ. ಕ್ಲೀಟ್‌ನ ಕೆಲವು ಬಿಂದುಗಳು ಮತ್ತು ಹಿಮ್ಮಡಿಯ ಸಣ್ಣ ರಬ್ಬರ್ ತುಂಡು ಬಿಟ್ಟರೆ ಉಳಿದ ಅಡಿಭಾಗ ನೆಲ ಮುಟ್ಟುವುದೇ ಇಲ್ಲ.

ಈ ಮೂರು ಸೇರಿದರೆ ದುಬಾರಿ ಶೂ ಹೆಚ್ಚು ಜಾರುತ್ತದೆ. ಸೋಲ್ ಗಟ್ಟಿಯಾದಷ್ಟೂ, ತೂಕ ಉಳಿಸಲು ರಬ್ಬರ್ ಕಡಿಮೆಯಾದಷ್ಟೂ ನಡಿಗೆ ಕಷ್ಟ. ‘ಇಷ್ಟು ರೊಕ್ಕ ಕೊಟ್ಟೀನಿ, ಯಾಕ್ ಜಾರತದ’ ಎಂದು ಕೇಳುವವರಿಗೆ ನನ್ನ ಉತ್ತರ: ರೊಕ್ಕ ಕೊಟ್ಟಿದ್ದು ತುಳಿಯುವುದಕ್ಕೆ, ನಡೆಯುವುದಕ್ಕೆ ಅದರಲ್ಲಿ ಪಾಲಿಲ್ಲ.

2. ನಿಮ್ಮ ದಾರಿಯ ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

 ನಮ್ಮ ಸವಾರರು ನಡುದಾರಿಯಲ್ಲಿ ಹತ್ತಾರು ಕಡೆ ಕಾಲೂರುತ್ತಾರೆ, ಊರಿಗೊಂದು ಬಗೆಯ ನೆಲದ ಮೇಲೆ.

ನಮ್ಮ ಭಾಗದ ಹಳೆಯ ಮನೆ, ಮಠ, ಗುಡಿ, ಖಾನಾವಳಿಗಳಲ್ಲಿ ಹಾಸಿರುವುದು ಪರಸಿ ಕಲ್ಲು. ವರ್ಷಗಟ್ಟಲೆ ತುಳಿದು ನುಣುಪಾದ ಈ ಕಲ್ಲಿನ ಮೇಲೆ ಯಾರೋ ಕೈ ತೊಳೆದ ನೀರು ಬಿದ್ದಿದ್ದರೆ ಪ್ಲಾಸ್ಟಿಕ್ ಕ್ಲೀಟ್‌ಗೆ ಹಿಡಿತ ಸಿಗುವುದೇ ಇಲ್ಲ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ದಾರಿ ಕಿರಿದು. ಎದುರಿಗೆ ನೂಲಿನ ಮೂಟೆ ಹೊತ್ತ ಗಾಡಿ ಬಂದರೆ ಇಳಿಯಲೇಬೇಕು, ಪಕ್ಕದ ಕಟ್ಟೆ ಹತ್ತಲೇಬೇಕು. ಮಹಾಲಿಂಗಪುರ, ಸಮೀರವಾಡಿ, ಮುಧೋಳದ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾದರೆ ರಸ್ತೆಯಂಚಿನಲ್ಲಿ ಟ್ರ್ಯಾಕ್ಟರ್‌ನಿಂದ ಬಿದ್ದ ಕಬ್ಬು, ರವದಿ. ಗಾಲಿಗೆ ಸಿಕ್ಕಿ ಜಜ್ಜಿದ ಕಬ್ಬಿನ ರಸದ ಮೇಲೆ ಧೂಳು ಕೂತು ಅಂಟಂಟಾಗುತ್ತದೆ, ಬೆಳಗಿನ ಇಬ್ಬನಿ ಬಿದ್ದರೆ ಅದೇ ಜಾರುಗಲ್ಲಾಗುತ್ತದೆ. ಲೋಕಾಪುರದ ಕಡೆ ಸುಣ್ಣದ ಕಲ್ಲಿನ ಪುಡಿ. ಗಲಗಲಿ, ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿನ ಅಂಚಿನ ಊರುಗಳಲ್ಲಿ ಎರೆಮಣ್ಣು. ಮಳೆ ಬಿದ್ದರೆ ರಾಡಿ.

ಮುಧೋಳದಲ್ಲಿ ಘಟಪ್ರಭೆ ತುಂಬಿದಾಗ ಯಾದವಾಡದ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. 2019ರ ಆಗಸ್ಟ್‌ನ ಪ್ರವಾಹದಲ್ಲಿ ಜಮಖಂಡಿ ತಾಲ್ಲೂಕಿನ ಕೃಷ್ಣಾ ತೀರದ ಊರುಗಳ ರಸ್ತೆಗಳೂ ನೀರಿನಡಿ ಹೋಗಿದ್ದವು. ನೀರು ಇಳಿದ ಮೇಲೆ ರಸ್ತೆಯ ಮೇಲೆ ಉಳಿಯುವ ತೆಳು ಹೂಳು ಕಣ್ಣಿಗೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಆ ಜಾಗದಲ್ಲಿ ಕ್ಲೀಟ್ ಊರಬೇಡಿ. ನೀರು ಹರಿಯುತ್ತಿದ್ದರಂತೂ ದಾಟುವ ಮಾತೇ ಬೇಡ, ಸೈಕಲ್ ತಿರುಗಿಸಿ.

3. ಕಲಿಯುವವರಿಗೆ, ದೂರ ಹೋಗುವವರಿಗೆ ಎರಡು ಬೋಲ್ಟಿನ ಶೂ

1980ರ ದಶಕದ ಮೊದಲರ್ಧದವರೆಗೆ ಸ್ಪರ್ಧಿಗಳು ಪಾದವನ್ನು ಪೆಡಲ್‌ನ ಪಂಜರಕ್ಕೆ ತೂರಿಸಿ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮಹಾವುಗೆಯ ಬೈಂಡಿಂಗ್‌ನಿಂದ ಕಲಿತ ತತ್ವದಲ್ಲಿ, ಮೂರು ಬೋಲ್ಟಿನ ಕ್ಲೀಟ್ ಇರುವ ಪೆಡಲ್ ತಂದಿತು. 1985ರಲ್ಲಿ ಬರ್ನಾರ್ಡ್ ಹಿನೋ ಆ ಪೆಡಲ್ ಮೇಲೆ ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಜಗತ್ತಿನ ಸ್ಪರ್ಧಿಗಳು ಕ್ರಮೇಣ ಅಂಥ ಪೆಡಲ್‌ಗೆ ಹೊರಳಿದರು. ಆದರೆ ಗುಡ್ಡಗಾಡಿನ (ಎಂಟಿಬಿ) ಸವಾರರಿಗೆ ಅದು ಒಗ್ಗಲಿಲ್ಲ, ಅವರು ಇಳಿದು ಓಡಬೇಕಾಗುತ್ತಿತ್ತು. ಅವರಿಗಾಗಿ ಶಿಮಾನೊ ಕಂಪನಿ 1990ರಲ್ಲಿ ಎಸ್‌ಪಿಡಿ ತಂದಿತು: ಸಣ್ಣ ಲೋಹದ ಕ್ಲೀಟ್, ಎರಡು ಬೋಲ್ಟ್, ರಬ್ಬರ್ ಅಡಿಯೊಳಗೆ ಹುದುಗಿಕೊಳ್ಳುವ ವ್ಯವಸ್ಥೆ. ನಡೆಯುವಾಗ ನೆಲ ಮುಟ್ಟುವುದು ರಬ್ಬರ್.

ನಮ್ಮ ರಸ್ತೆಗಳಿಗೆ ಈ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಡಲ್‌ನ ಎರಡೂ ಬದಿ ಕ್ಲೀಟ್ ಹಿಡಿಯುವ ಮಾದರಿ ಸಿಗುವುದರಿಂದ ಬಸ್ ನಿಲ್ದಾಣದ ಗದ್ದಲದಲ್ಲಿ ಪೆಡಲ್ ತಿರುಗಿಸುತ್ತ ಕೆಳಗೆ ನೋಡಬೇಕಿಲ್ಲ. 200, 300, 400, 600 ಕಿ.ಮೀ.ಗಳ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡುವವರನ್ನು ಕೇಳಿ ನೋಡಿ, ಹಲವರ ಕಾಲಲ್ಲಿ ಇದೇ ಇರುತ್ತದೆ. 600 ಕಿ.ಮೀ.ಗೆ ಇರುವ 40 ಗಂಟೆಯ ಗಡುವಿನಲ್ಲಿ ಊಟ, ನೀರು, ಸಹಿ, ನಿದ್ದೆಗೆಂದು ಎಷ್ಟು ಸಲ ಇಳಿದು ನಡೆಯಬೇಕಾಗುತ್ತದೆ ಎಂದು ಯೋಚಿಸಿದರೆ ಕಾರಣ ತಿಳಿಯುತ್ತದೆ.

‘ಸರ, ಅದು ಎಂಟಿಬಿ ಶೂ ಅಲ್ರೀ? ರೇಸ್‌ನ್ಯಾಗ ಹಿಂದ ಬೀಳತೀನಿ’ ಎನ್ನುತ್ತಾರೆ ಹುಡುಗರು. ತರಬೇತಿಯ ವರ್ಷಗಳಲ್ಲಿ ಹಿಂದೆ ಬೀಳಲು ಕಾರಣ ಶೂ ಆಗಿರುವುದಿಲ್ಲ ತಮ್ಮಾ, ಕಾಲು ಉಳುಕಿ ಮನೆಯಲ್ಲಿ ಕೂತ ವಾರಗಳು ಆಗಿರುತ್ತವೆ ಎಂದು ನಾನು ಹೇಳುತ್ತೇನೆ.

4. ಮೂರು ಬೋಲ್ಟಿನ ಶೂ ಬೇಕೇ ಬೇಕೆಂದರೆ ನೋಡಿ ಕೊಳ್ಳಿ

ಟೈಮ್ ಟ್ರಯಲ್, ಸ್ಪ್ರಿಂಟ್ ಮಾಡುವವರಿಗೆ ಮೂರು ಬೋಲ್ಟಿನ ಕ್ಲೀಟ್‌ನ ಅಗಲವಾದ ಆಧಾರ ನಿಜಕ್ಕೂ ಲಾಭ. ಅವರು ಕೊಳ್ಳುವಾಗ ಮೂರು ಸಂಗತಿ ನೋಡಬೇಕು. ಒಂದು, ಸೋಲ್ ನೈಲಾನ್‌ನದ್ದಾದರೆ ಸ್ವಲ್ಪ ಬಾಗುತ್ತದೆ, ಅಗ್ಗವೂ ಹೌದು. ಬೆಳೆಯುವ ವಯಸ್ಸಿನವರಿಗೆ ಅದು ಸಾಕು. ಎರಡು, ಹಿಮ್ಮಡಿ ಮತ್ತು ತುದಿಯ ರಬ್ಬರ್ ದಪ್ಪವಾಗಿರಲಿ, ಹಿಮ್ಮಡಿಯದ್ದು ಸ್ಕ್ರೂ ಬಿಚ್ಚಿ ಬದಲಿಸುವಂತಿದ್ದರೆ ಇನ್ನೂ ಒಳ್ಳೆಯದು. ಮೂರು, ಕ್ಲೀಟ್‌ನ ಮೇಲೆ ಹಿಡಿತದ ಮೆತ್ತೆ ಇರಲಿ. ಲುಕ್ ಕಿಯೊದಲ್ಲಿ ‘ಗ್ರಿಪ್’ ಎಂದು ಬರೆದ ಮಾದರಿಗೆ ರಬ್ಬರ್ ಇರುತ್ತದೆ. ಶಿಮಾನೊದ ಮೂರು ಬೋಲ್ಟಿನ ಎಸ್‌ಪಿಡಿ-ಎಸ್‌ಎಲ್ ಕ್ಲೀಟ್‌ನಲ್ಲಿ ನೆಲಕ್ಕೆ ತಾಗುವ ಬಣ್ಣದ ಗುಬ್ಬಿಗಳಿರುತ್ತವೆ.

ಆ ಬಣ್ಣಕ್ಕೆ ಅರ್ಥವೂ ಇದೆ. ಶಿಮಾನೊದಲ್ಲಿ ಹಳದಿ ಪಾದವನ್ನು 6 ಡಿಗ್ರಿ, ನೀಲಿ 2 ಡಿಗ್ರಿ ಅತ್ತಿತ್ತ ಆಡಲು ಬಿಡುತ್ತದೆ, ಕೆಂಪು ಸ್ವಲ್ಪವೂ ಬಿಡುವುದಿಲ್ಲ. ಲುಕ್ ಕಿಯೊದಲ್ಲಿ ಕೆಂಪು 9, ಬೂದು 4.5, ಕಪ್ಪು ಸೊನ್ನೆ. ಒಂದು ಕಂಪನಿಯಲ್ಲಿ ಕೆಂಪು ಪೂರ್ತಿ ಬಿಗಿ, ಇನ್ನೊಂದರಲ್ಲಿ ಕೆಂಪೇ ಅತಿ ಸಡಿಲ. ಗೆಳೆಯನ ಕ್ಲೀಟ್‌ನ ಬಣ್ಣ ನೋಡಿ ಕೊಳ್ಳುವವರು ಮೊಣಕಾಲು ನೋಯಿಸಿಕೊಳ್ಳುವುದು ಇಲ್ಲಿಯೇ. ಹೊಸಬರು ಹೆಚ್ಚು ಆಡಲು ಬಿಡುವುದನ್ನೇ ಕೊಳ್ಳಲಿ.

5. ಕ್ಲೀಟ್ ಕವರ್ ಜೇಬಿನಲ್ಲಿರಲಿ, ಮನೆಯಲ್ಲಲ್ಲ

ಮೂರು ಬೋಲ್ಟಿನ ಕ್ಲೀಟ್‌ಗೆ ತೊಡಿಸುವ ರಬ್ಬರ್ ಕವರ್ ಸಿಗುತ್ತದೆ. ಬೆಲೆ ಹೊಸ ಕ್ಲೀಟ್‌ಗಿಂತ ಕಡಿಮೆ. ಜರ್ಸಿಯ ಹಿಂದಿನ ಜೇಬಿನಲ್ಲಿ ಹಿಡಿಯುತ್ತದೆ. ಇಳಿದ ಕೂಡಲೇ, ಮೊದಲ ಹೆಜ್ಜೆಗೆ ಮುಂಚೆ, ಸೈಕಲ್‌ಗೆ ಒರಗಿ ನಿಂತು ತೊಡಿಸಿ. ಹತ್ತುವ ಮುಂಚೆ ತೆಗೆಯಿರಿ. ತೊಡಿಸಿದ ಕವರ್‌ನೊಂದಿಗೆ ಪೆಡಲ್ ಹಿಡಿಯುವುದಿಲ್ಲ. ನಿಮ್ಮ ಕ್ಲೀಟ್‌ನ ಕಂಪನಿಗೆ ಹೊಂದುವ ಕವರ್ ಕೊಳ್ಳಿ, ಬೇರೆಯದು ಎರಡೇ ಹೆಜ್ಜೆಗೆ ಕಳಚಿ ಬೀಳುತ್ತದೆ.

ಶೂ ಕಳಚಿ ಸಾಕ್ಸ್‌ನಲ್ಲೇ ನಡೆಯುತ್ತೇವೆ ಎನ್ನುವವರಿದ್ದಾರೆ. ಗುಡಿಯೊಳಗೆ ಅದು ಸರಿ. ರಸ್ತೆ ಬದಿಯಲ್ಲಿ ನೆಗ್ಗಿನ ಮುಳ್ಳು, ಜಾಲಿ ಮುಳ್ಳು ಬಿದ್ದಿರುತ್ತವೆ. ಏಪ್ರಿಲ್, ಮೇ ತಿಂಗಳ ನಡುಹಗಲಿನ ಡಾಂಬರು ಅಂಗಾಲು ಸುಡುತ್ತದೆ.

6. ನಡೆಯುವುದನ್ನೂ ಕಲಿಯಬೇಕು

ಇದನ್ನು ನಾನು ಮೊದಲ ದಿನವೇ ಮೈದಾನದಲ್ಲಿ ಕಲಿಸುತ್ತೇನೆ. ಹೆಜ್ಜೆ ಚಿಕ್ಕದಿರಲಿ. ಕ್ಲೀಟ್ ಮತ್ತು ಹಿಮ್ಮಡಿ ನೆಲಕ್ಕೆ ಒಮ್ಮೆಲೇ ತಾಗುವಂತೆ ಪಾದವನ್ನು ನೇರವಾಗಿ ಇಳಿಸಿ, ನೇರವಾಗಿ ಎತ್ತಿ. ಬೆರಳಿನಿಂದ ನೆಲ ನೂಕಬೇಡಿ. ಮೊಣಕಾಲು ಸ್ವಲ್ಪ ಬಗ್ಗಿರಲಿ, ಮೈ ತುಸು ಮುಂದಕ್ಕಿರಲಿ. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯುವುದು ಎಲ್ಲಕ್ಕಿಂತ ಅಪಾಯ, ನಾಲ್ಕು ಪುಟ್ಟ ಹೆಜ್ಜೆಯಲ್ಲಿ ತಿರುಗಿ.

ಮೆಟ್ಟಿಲು ಇಳಿಯುವಾಗ ಅಡ್ಡಡ್ಡ ಇಳಿಯಿರಿ. ಪಾದ ಮೆಟ್ಟಿಲಿನ ಉದ್ದಕ್ಕೆ ಕೂತರೆ ಕ್ಲೀಟ್ ಮತ್ತು ಹಿಮ್ಮಡಿ ಎರಡಕ್ಕೂ ಆಧಾರ ಸಿಗುತ್ತದೆ. ನೇರ ಇಳಿದರೆ ಮೆಟ್ಟಿಲಂಚಿಗೆ ಕೂರುವುದು ಕ್ಲೀಟ್ ಒಂದೇ. ಸೈಕಲ್ ಜೊತೆಗಿದ್ದರೆ ಮುಂದಿನ ಬ್ರೇಕ್ ಹಿಡಿದು ಅದನ್ನೇ ಊರುಗೋಲು ಮಾಡಿಕೊಳ್ಳಿ. ನೀರು ಚೆಲ್ಲಿದ ಪರಸಿ ಕಂಡರೆ ಕಲ್ಲಿನ ನಡುವೆ ಹೆಜ್ಜೆ ಇಡದೆ ಎರಡು ಕಲ್ಲು ಕೂಡುವ ಸಂದಿನ ಮೇಲೆ ಇಡಿ, ಅಲ್ಲಿ ಸ್ವಲ್ಪವಾದರೂ ಹಿಡಿತವಿರುತ್ತದೆ.

7. ಯಾವ ಕಾಲು ಊರಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ

ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಹಾಗಾಗಿ ಎಡಗಾಲು ಊರುವುದೇ ರೂಢಿಯಾಗಲಿ. ಮೈ ಎಡಕ್ಕೆ ವಾಲಿದರೆ ಟ್ರ್ಯಾಕ್ಟರ್, ಬಸ್ಸಿನಿಂದ ದೂರ. ಬಲಗಡೆಯ ಚೈನ್‌ರಿಂಗ್ ಹಲ್ಲು ಮೀನಖಂಡಕ್ಕೆ ತಾಗುವುದೂ ತಪ್ಪುತ್ತದೆ. ಆದರೆ ನಮ್ಮ ರಸ್ತೆಗಳ ಎಡದಂಚಿನಲ್ಲಿ ಡಾಂಬರು ಮುಗಿದು ಮಣ್ಣಿಗೆ ಇಳಿಜಾರಿರುತ್ತದೆ, ಅಲ್ಲಿ ಸಡಿಲ ಖಡಿ ಇರುತ್ತದೆ. ಖಡಿಯ ಮೇಲೆ ಕ್ಲೀಟ್ ಊರಿದರೆ ಕಾಲು ಹೊರಕ್ಕೆ ಸರಿಯುತ್ತದೆ. ನಿಲ್ಲುವ ಮುಂಚೆ ಡಾಂಬರಿನ ಮೇಲೇ ಒಂದು ಮೊಳ ಜಾಗ ಎಡಕ್ಕೆ ಉಳಿಸಿಕೊಳ್ಳಿ.

ಕ್ಲೀಟ್ ಬಿಡಿಸುವುದು ನಿಂತ ಮೇಲಲ್ಲ, ನಿಲ್ಲುವ ಮುಂಚೆ. ಎಮ್ಮೆ ಹಿಂಡು ಕಂಡರೆ, ಕಬ್ಬಿನ ಟ್ರ್ಯಾಕ್ಟರ್ ಸಾಲು ಕಂಡರೆ, ಊರು ಬಂದರೆ ಎಡಗಾಲು ಆಗಲೇ ಬಿಡುಗಡೆಯಾಗಿರಬೇಕು. ಪೆಡಲ್‌ನ ಹಿಂಭಾಗದಲ್ಲಿ ಬಿಗಿ ಹೆಚ್ಚುಕಡಿಮೆ ಮಾಡುವ ಸಣ್ಣ ಸ್ಕ್ರೂ ಇರುತ್ತದೆ. ಹೊಸಬರ ಪೆಡಲ್‌ನಲ್ಲಿ ಅದನ್ನು ಅತ್ಯಂತ ಸಡಿಲಕ್ಕೆ ಇಡಿ.

8. ಎರೆಮಣ್ಣಿನ ಮೇಲೆ ಶೂ ಊರಿದರೆ ತೊಳೆದೇ ಹತ್ತಿ

ಹಸಿ ಎರೆಮಣ್ಣು ಅಂಟಿದರೆ ಬಿಡದು, ಒಣಗಿದರೆ ಇಟ್ಟಂಗಿ. ಮೂರು ಬೋಲ್ಟಿನ ಕ್ಲೀಟ್‌ನ ನಡುವಿನ ತಗ್ಗಿನಲ್ಲಿ ಅದು ತುಂಬಿಕೊಂಡರೆ ಪೆಡಲ್ ಅರ್ಧಂಬರ್ಧ ಹಿಡಿಯುತ್ತದೆ. ಹಿಡಿದಂತೆ ಅನಿಸುತ್ತದೆ, ಎದ್ದು ನಿಂತು ತುಳಿದಾಗ ಕಳಚುತ್ತದೆ. ಬಾಟಲಿಯ ನೀರನ್ನು ಕ್ಲೀಟ್‌ಗೆ ಚಿಮ್ಮಿಸಿ, ಕಡ್ಡಿಯಿಂದ ಮಣ್ಣು ಕೆದಕಿ, ಪೆಡಲ್‌ನ ಒಳಭಾಗವನ್ನೂ ನೋಡಿ. ಎರಡು ಬೋಲ್ಟಿನದು ಕೆಸರನ್ನು ಹೆಚ್ಚು ತಾಳುತ್ತದೆ, ಆದರೆ ರಬ್ಬರ್ ಹಲ್ಲುಗಳ ನಡುವೆ ಖಡಿ ಸಿಕ್ಕಿಕೊಂಡಿದೆಯೇ ಎಂದು ನೋಡಲೇಬೇಕು.

ಕ್ಲೀಟ್ ಕಿರುಗುಟ್ಟುತ್ತದೆ ಎಂದು ಅದರ ಅಡಿಭಾಗಕ್ಕೆ ಎಣ್ಣೆ ಹಚ್ಚುವವರನ್ನು ಕಂಡಿದ್ದೇನೆ. ದಯವಿಟ್ಟು ಹಚ್ಚಬೇಡಿ. ಆ ಎಣ್ಣೆ ಧೂಳು ಹಿಡಿದು ಸವೆತ ಹೆಚ್ಚಿಸುತ್ತದೆ, ಮುಂದಿನ ನುಣುಪು ನೆಲದ ಮೇಲೆ ನಿಮ್ಮನ್ನೇ ಬೀಳಿಸುತ್ತದೆ. ಗ್ರೀಸ್ ಬೇಕಾದದ್ದು ಬೋಲ್ಟಿನ ಎಳೆಗಳಿಗೆ ಮಾತ್ರ.

9. ಕ್ಲೀಟ್ ಸವೆಯುವುದು ತುಳಿದಲ್ಲ, ನಡೆದು

ಸುಣ್ಣದ ಕಲ್ಲಿನ ಪುಡಿ, ಖಡಿ, ಒರಟು ಸಿಮೆಂಟ್ ಇವು ಪ್ಲಾಸ್ಟಿಕ್ ಕ್ಲೀಟ್‌ನ್ನು ಅರದಂತೆ ತಿನ್ನುತ್ತವೆ. ಯಾವಾಗಲೂ ಊರುವ ಎಡಗಾಲಿನದು ಮೊದಲು ಸವೆಯುತ್ತದೆ. ಕ್ಲೀಟ್‌ನ ಮುಂತುಟಿ ತೆಳ್ಳಗಾಗಿದ್ದರೆ, ಗುಬ್ಬಿಗಳ ಬಣ್ಣ ಹೋಗಿ ಮೂಲ ಪ್ಲಾಸ್ಟಿಕ್ ನೆಲಕ್ಕೆ ತಾಗುತ್ತಿದ್ದರೆ, ಹಿಡಿದ ಮೇಲೂ ಪಾದ ಮೇಲೆ ಕೆಳಗೆ ಅಲುಗಿದರೆ ಬದಲಿಸಿ. ಇದು ಬರೀ ನಡಿಗೆಯ ಪ್ರಶ್ನೆಯಲ್ಲ. ಸವೆದ ಕ್ಲೀಟ್ ಸ್ಪ್ರಿಂಟ್‌ನಲ್ಲಿ ಕಳಚಿಕೊಂಡರೆ ಹಿಂದೆ ಬರುವ ಗುಂಪೂ ಬೀಳುತ್ತದೆ.

ಬದಲಿಸುವ ಮುನ್ನ ಹಳೆಯ ಕ್ಲೀಟ್‌ನ ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ, ಹೊಸದು ಅದೇ ಜಾಗದಲ್ಲಿ ಕೂರಬೇಕು. ಬೋಲ್ಟ್ ಬಿಗಿಯುವ ಪ್ರಮಾಣ 5ರಿಂದ 6 ನ್ಯೂಟನ್ ಮೀಟರ್. ಹೊಸ ಕ್ಲೀಟ್‌ನಲ್ಲಿ ಮೊದಲ ಸವಾರಿ ಮುಗಿದ ಮೇಲೆ ಮತ್ತೊಮ್ಮೆ ಕೀ ಹಾಕಿ ನೋಡಿ. ಸಡಿಲ ಬೋಲ್ಟ್ ಇದ್ದರೆ ಶೂ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಉಳಿಯುತ್ತದೆ, ಕಾಲು ಬಿಡಿಸಲಾಗುವುದಿಲ್ಲ.

10. ಚಪ್ಪಲಿ ರಿಪೇರಿಯವರ ಕೈಯಲ್ಲಿ ಅರ್ಧ ಪರಿಹಾರವಿದೆ

ಹಿಮ್ಮಡಿಯ ರಬ್ಬರ್ ಸವೆದ ಮಾತ್ರಕ್ಕೆ ಶೂ ಎಸೆಯಬೇಕಿಲ್ಲ. ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಊರುಗಳಲ್ಲೇ ಇದೆ. ಜಮಖಂಡಿಯಲ್ಲಿ ನನ್ನ ಹುಡುಗರ ಶೂಗಳನ್ನು ಸರಿಮಾಡಿಕೊಡುವ ಹಿರಿಯರ ಕೆಲಸ ನೋಡುವಂಥದ್ದು. ಸವೆದ ಜಾಗವನ್ನು ಅರದಿಂದ ಉಜ್ಜಿ ಒರಟು ಮಾಡುತ್ತಾರೆ. ಹಳೆಯ ಟೈರಿನಿಂದ ಹಲ್ಲಿರುವ ರಬ್ಬರ್ ಕತ್ತರಿಸಿ, ಅದರ ಬೆನ್ನನ್ನೂ ಉಜ್ಜುತ್ತಾರೆ. ಅಂಟನ್ನು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರುವವರೆಗೆ ಸುಮ್ಮನೆ ಕಾಯುತ್ತಾರೆ. ಆಮೇಲೆ ಒಮ್ಮೆಗೇ ಒತ್ತಿ, ಸುತ್ತಿಗೆಯ ಹಿಡಿಯಿಂದ ತಟ್ಟಿ, ಒಂದು ರಾತ್ರಿ ಮುಟ್ಟಬೇಡಿ ಎಂದು ಕೊಡುತ್ತಾರೆ. ಆ ಹಿಮ್ಮಡಿ ಕಂಪನಿಯ ರಬ್ಬರ್‌ಗಿಂತ ಚೆನ್ನಾಗಿ ನೆಲ ಹಿಡಿಯುತ್ತದೆ.

ಎರಡು ಎಚ್ಚರಿಕೆ ಮಾತ್ರ ಹೇಳಿ ಕೊಡಿ. ಮೊಳೆ ಬೇಡ, ಹೊಲಿಗೆ ಬೇಡ. ಕಾರ್ಬನ್‌ಗೆ ತೂತು ಬಿದ್ದರೆ ಸೀಳುತ್ತದೆ. ಕ್ಲೀಟ್‌ನ ಸುತ್ತ ರಬ್ಬರ್ ಹಚ್ಚಬೇಡಿ, ಪೆಡಲ್‌ಗೆ ತಾಗಿ ಕಾಲು ಬಿಡಿಸಲಾಗದಂತೆ ಆಗುತ್ತದೆ.

11. ಅಣ್ಣನ ಶೂ ತಮ್ಮನಿಗೆ ಹೊಂದುತ್ತದೆಯೇ ನೋಡಿ ಕೊಡಿ

ನಮ್ಮಲ್ಲಿ ಶೂ ಕೈಯಿಂದ ಕೈಗೆ ಹೋಗುತ್ತದೆ. ಹಿರಿಯ ಸವಾರರು ಕಿರಿಯರಿಗೆ ಕೊಡುವುದು ಒಳ್ಳೆಯ ರೂಢಿ, ಅದರಿಂದಲೇ ಎಷ್ಟೋ ಮಕ್ಕಳು ಸೈಕಲ್ ಹತ್ತಿದ್ದಾರೆ. ಆದರೆ ದೊಡ್ಡ ಅಳತೆಯ ಶೂಗೆ ಬಟ್ಟೆ ತುರುಕಿ ಹಾಕಿಕೊಂಡ ಹುಡುಗಿ ಇಳಿದು ನಡೆಯುವಾಗ ಹಿಮ್ಮಡಿ ಮೇಲೇಳುತ್ತದೆ, ಪಾದ ಒಳಗೇ ಜಾರುತ್ತದೆ. ಹೊರಗಿನ ಜಾರುವಿಕೆಗೆ ಒಳಗಿನದೂ ಸೇರುತ್ತದೆ. ಕೊಡುವ ಮುಂಚೆ ಹಳೆಯ ಕ್ಲೀಟ್ ತೆಗೆದು ಹೊಸದು ಹಾಕಿ, ಪಡೆಯುವವರ ಮೊಣಕಾಲಿಗೆ ಹೊಂದುವಂತೆ ಕೂರಿಸಿ.

ಬರಿಗಾಲು, ಚಪ್ಪಲಿಯಲ್ಲಿ ಬೆಳೆದ ನಮ್ಮ ಮಕ್ಕಳ ಪಾದದ ಮುಂಭಾಗ ಅಗಲ. ಉದ್ದಕ್ಕೆ ಸರಿಯಿದ್ದ ಶೂ ಅಗಲಕ್ಕೆ ಬಿಗಿಯಾದರೆ ಒಂದು ಸೈಜ್ ದೊಡ್ಡದು ಕೊಳ್ಳುತ್ತಾರೆ, ಹಿಮ್ಮಡಿ ಸಡಿಲಾಗುತ್ತದೆ. ಅದರ ಬದಲು ಅಗಲದ ಮಾದರಿ ಕೇಳಿ; ಶಿಮಾನೊ, ಲೇಕ್ ಮುಂತಾದ ಕಂಪನಿಗಳಲ್ಲಿ ಸಿಗುತ್ತದೆ. ಅಳತೆಯನ್ನು ಸಂಜೆ ತೆಗೆದುಕೊಳ್ಳಿ. ಬಿಸಿಲಿನ ಸವಾರಿಯಲ್ಲಿ ಪಾದ ಊದಿಕೊಳ್ಳುವುದನ್ನು ಆ ಅಳತೆ ಹಿಡಿಯುತ್ತದೆ.

12. ಎಲ್ಲರಿಗೂ ಕ್ಲೀಟ್ ಬೇಕಿಲ್ಲ

ಕಾಲೇಜಿಗೆ, ಹೊಲಕ್ಕೆ, ಆರೋಗ್ಯಕ್ಕೆಂದು ಸೈಕಲ್ ಹೊಡೆಯುವವರು, ಜಮಖಂಡಿಯ ರಾಮತೀರ್ಥದ ಗುಡ್ಡಕ್ಕೆ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುವವರು ಅಗಲವಾದ ಸಾದಾ ಪೆಡಲ್, ಗಟ್ಟಿ ರಬ್ಬರ್ ಅಡಿಯ ಶೂ ಇಟ್ಟುಕೊಳ್ಳಲಿ. ಅದರಲ್ಲಿ ಕಡಿಮೆಯೇನಿಲ್ಲ. ಸ್ಪರ್ಧೆಗೆ ಇಳಿಯುವವರೂ ಮೊದಲು ಸಾದಾ ಪೆಡಲ್, ನಂತರ ಎರಡು ಬೋಲ್ಟ್, ಕೊನೆಗೆ ಮೂರು ಬೋಲ್ಟ್, ಈ ಕ್ರಮದಲ್ಲಿ ಬಂದರೆ ಪೆಟ್ಟು ಕಡಿಮೆ.

ಕೊನೆಯದಾಗಿ ಇಬ್ಬರಲ್ಲಿ ವಿನಂತಿ. ಜಾತ್ರೆ, ಉತ್ಸವಗಳಲ್ಲಿ ಸೈಕಲ್ ಸ್ಪರ್ಧೆ ನಡೆಸುವ ಊರಿನ ಹಿರಿಯರೇ, ಓಟ ಮುಗಿಯುವ ಜಾಗದಲ್ಲಿ ಮತ್ತು ಬಹುಮಾನದ ವೇದಿಕೆಯ ಮೆಟ್ಟಿಲಿಗೆ ಗೋಣಿತಟ್ಟು ಹಾಸಿ, ಅಲ್ಲಿ ನೀರು ಚೆಲ್ಲದಂತೆ ನೋಡಿಕೊಳ್ಳಿ. ದಣಿದ ಕಾಲಿನ ಸವಾರ ಜಾರುವುದು ಅಲ್ಲಿಯೇ. ತಂದೆ ತಾಯಿಯರೇ, ಮಗ, ಮಗಳು ಶೂ ಕೇಳಿದಾಗ ಶೂ ಒಂದರ ಬೆಲೆ ಲೆಕ್ಕ ಹಾಕಬೇಡಿ. ಕ್ಲೀಟ್ ಕವರ್ ಮತ್ತು ಒಂದು ಜೊತೆ ಹೆಚ್ಚಿನ ಕ್ಲೀಟ್‌ನ ಹಣವನ್ನೂ ಸೇರಿಸಿ ತೆಗೆದಿಡಿ. ಅಷ್ಟು ಹೊಂದಿಸಲು ಆಗದಿದ್ದರೆ ಎರಡು ಬೋಲ್ಟಿನ ಶೂ ಕೊಡಿಸಿ. ನಮ್ಮ ನೆಲಕ್ಕೆ ಅದೇ ಸರಿಯಾದ ಶೂ.